ಅಪ್‌ಡೇಟ್: ದುರ್ಗದ ಟವರ್‌ಗಳು ಊರಿಗೆ ಬಂದವು

ಓಪನ್‌ಸೆಲ್‌ಐಡಿ (ಮೊಬೈಲ್ ಟವರ್‌ಗಳ ಮುಕ್ತ ಪಟ್ಟಿ) ಡೇಟಾವನ್ನು ಕ್ಯೂಜಿಐಎಸ್ ಎಂಬ ಮ್ಯಾಪ್ ಸಾಫ್ಟ್‌ವೇರ್‌ಗೆ ಹಾಕಿದರೆ ಚಿತ್ರದುರ್ಗದ ಟವರ್‌ಗಳೆಲ್ಲ ಆರ್ಕ್ಟಿಕ್ ಸಮುದ್ರದಲ್ಲಿ ತೇಲುತ್ತಿವೆ, ಯಾಕೆ ಅಂತ ಹಿಂದಿನ ಪೋಸ್ಟ್‌ನಲ್ಲಿ ಕೇಳಿದ್ದೆನಲ್ಲ, ತಪ್ಪು ನನ್ನದೇ. ಆ ಫೈಲ್‌ನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ. ದುರ್ಗದ ಅಕ್ಷಾಂಶ 14.2, ರೇಖಾಂಶ 76.4 ಎರಡನ್ನೂ ಅದಲು ಬದಲು ಮಾಡಿದ್ದೆ!

ಈಗ ಹೊಸ ತಮಾಷೆ. ಮ್ಯಾಪಿನಲ್ಲಿ ಟವರ್ ಚುಕ್ಕೆಗಳು ಹೆಚ್ಚಾಗಿ ಹೆದ್ದಾರಿ 48ರ ಉದ್ದಕ್ಕೂ ಸಾಲಾಗಿ ನಿಂತಿವೆ. ಅವು ಟವರ್ ಇರುವ ಜಾಗ ಅಲ್ಲ, ಫೋನ್‌ಗಳು ಸಿಗ್ನಲ್ ಹಿಡಿದ ಜಾಗಗಳಿಂದ ಹಾಕಿದ ಅಂದಾಜು. ಬಸ್ಸು, ಲಾರಿ ಓಡಾಡುವುದು ಅಲ್ಲೇ ಅಲ್ವಾ? ನಮ್ಮ ಮನೆ ಹಿಂದಿನ ಕೆಂಪು-ಬಿಳಿ ಪಟ್ಟೆ ಟವರ್ ಮ್ಯಾಪಿನಲ್ಲಿ ಕೆರೆ ಮಧ್ಯೆ ಇದೆ.

ಮೊಬೈಲ್ ಕಂಪನಿಗಳ ಲೈಸೆನ್ಸ್ ವಲಯಗಳ ಗೆರೆಯನ್ನೂ ಮ್ಯಾಪಿಗೆ ಒಂದು ಪದರವಾಗಿ ಹಾಕೋಣ ಅಂದುಕೊಂಡಿದ್ದೆ, ಕೈಬಿಟ್ಟೆ. ಇಡೀ ಕರ್ನಾಟಕವೇ ಒಂದು ಸರ್ಕಲ್ (ಅಂದರೆ ಒಂದೇ ಲೈಸೆನ್ಸ್ ವಲಯ), ದುರ್ಗಕ್ಕೆ ಬೇರೆ ಗೆರೆಯೇ ಇಲ್ಲ. ಸುಮ್ನೆ ಸ್ಕೂಟರ್ ಹತ್ತಿ, ಕಣ್ಣಾರೆ ನೋಡಿ, ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಗುರುತು ಹಾಕುತ್ತಿದ್ದೇನೆ. ನಿನ್ನೆ ಸಂಜೆಗೆ ಏಳು ಟವರ್ ಆಯಿತು.