ಹಳೇ ಕಂಪ್ಯೂಟರ್: 1 ಟಿಬಿ ಹಾರ್ಡ್‌ಡಿಸ್ಕಲ್ಲಿ 195 ಜಿಬಿ ಮಾತ್ರ ಕಾಣ್ತಿದೆ, ಉಳಿದದ್ದು ಎಲ್ಲಿ?

ಪ್ರಶ್ನೆ (ತೀರ್ಥಹಳ್ಳಿ):
ನಮಸ್ಕಾರ. ಶಿವಮೊಗ್ಗದ ಪರಿಚಯದವರೊಬ್ರ ಹತ್ರ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್ ತಗೊಂಡೆ, ವಿಂಡೋಸ್ 10 ಇದೆ. ಹಾರ್ಡ್‌ಡಿಸ್ಕ್ ಲೇಬಲ್ ಮೇಲೆ 1 ಟಿಬಿ ಅಂತಿದೆ, ಆದ್ರೆ ದಿಸ್ ಪಿಸಿ ತೆಗೆದ್ರೆ ಸಿ ಡ್ರೈವ್ ಒಂದೇ, ಅದೂ 195 ಜಿಬಿ. ಅಡಿಕೆ ಮಂಡಿ ಲೆಕ್ಕ, ತಂಗಿ ಮದುವೆ ವಿಡಿಯೋ ಎಲ್ಲ ಇದರಲ್ಲೇ ಇಡ್ಬೇಕು ಅಂತಿದ್ದೆ. ಡಿಸ್ಕ್ ಕೆಟ್ಟಿದ್ಯಾ? ಫಾರ್ಮ್ಯಾಟ್ ಹೊಡೆದ್ರೆ ಸರಿ ಹೋಗುತ್ತಾ?

ಉತ್ತರ (ಸಾಗರ):
ತಡೀರಿ ಮಾರಾಯ್ರೆ, ಫಾರ್ಮ್ಯಾಟ್ ಈಗ್ಲೇ ಬೇಡ. 1 ಟಿಬಿ ಅಂದ್ರೆ ಕಂಪನಿ ಲೆಕ್ಕದಲ್ಲಿ ಒಂದು ಲಕ್ಷ ಕೋಟಿ ಬೈಟ್, ವಿಂಡೋಸು 1024ರ ಲೆಕ್ಕ ಹಿಡಿಯೋದ್ರಿಂದ ಅದೇ 931 ಜಿಬಿ ಅಂತ ಕಾಣುತ್ತೆ, ಅಷ್ಟು ಎಲ್ಲರಿಗೂ ಆಗೋದೇ. ನಿಮ್ಮದು ಅದಲ್ಲದೆ 730 ಚಿಲ್ಲರೆ ಕಾಣ್ತಿಲ್ಲ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೀರಿ, ಕೆಳಗೆ ಏನೇನು ಇದೆ ಹೇಳಿ. ಏನನ್ನೂ ಡಿಲೀಟ್ ಮಾಡ್ಬೇಡಿ.

ತೀರ್ಥಹಳ್ಳಿ:
ನೋಡ್ದೆ. ಡಿಸ್ಕ್ 0, 931.51 ಜಿಬಿ ಅಂತಲೇ ಇದೆ. ಸಿ ಪಕ್ಕ ಸುಮಾರು 720 ಜಿಬಿದು ಒಂದು, ಅದಕ್ಕೆ ಡ್ರೈವ್ ಅಕ್ಷರ ಇಲ್ಲ, ಎನ್‌ಟಿಎಫ್‌ಎಸ್ ಅಂತಾನೂ ಬರ್ದಿಲ್ಲ, ರೈಟ್ ಕ್ಲಿಕ್ ಮಾಡಿದ್ರೆ ಡಿಲೀಟ್ ವಾಲ್ಯೂಮ್ ಮಾತ್ರ ಒತ್ತಕ್ಕಾಗುತ್ತೆ. ಇನ್ನೊಂದು ಹೇಳೋದು ಬಿಟ್ಟೋಯ್ತು, ಆನ್ ಮಾಡಿದ ಕೂಡ್ಲೇ ಒಂದು ಪಟ್ಟಿ ಬರುತ್ತೆ, ಮೇಲೆ ಉಬುಂಟು, ಕೆಳಗೆ ವಿಂಡೋಸ್.

ಸಾಗರ:
ಹಂಗಾದ್ರೆ ಜಾಗ ಎಲ್ಲೂ ಹೋಗಿಲ್ಲ. ಉಬುಂಟು ಅಂದ್ರೆ ಲಿನಕ್ಸು, ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್, ಅದು ಅದರ ಪಾರ್ಟಿಷನ್, ಅಂದ್ರೆ ಡಿಸ್ಕಲ್ಲಿ ಅದಕ್ಕೆ ಬಿಟ್ಟಿರೋ ಭಾಗ. ಲಿನಕ್ಸಿನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ (ಡಿಸ್ಕಲ್ಲಿ ಫೈಲ್ ಜೋಡಿಸಿಡೋ ರೀತಿ, ವಿಂಡೋಸಿನದ್ದು ಎನ್‌ಟಿಎಫ್‌ಎಸ್) ವಿಂಡೋಸಿಗೆ ತಾನಾಗಿ ಓದಕ್ಕೆ ಬರಲ್ಲ, ಅದಕ್ಕೇ ಅಕ್ಷರ ಕೊಟ್ಟಿಲ್ಲ. ಮೊದಲು ಕೊಟ್ಟವರಿಗೆ ಫೋನ್ ಮಾಡಿ ಕೇಳಿ, ಅವರ ಮನೆ ಫೋಟೋನೋ ಕಾಗದಪತ್ರನೋ ಅದರೊಳಗೇ ಉಳಿದಿರ್ಬಹುದು, ಬೇರೆಯವರದ್ದು ಕೇಳದೆ ಅಳಿಸೋದು ನನಗೆ ಸರಿ ಕಾಣಲ್ಲ.

ಆಮೇಲೆ ಮುಖ್ಯವಾದ್ದು. ಆ ಪಟ್ಟಿ ತೋರ್ಸೋದು ಗ್ರಬ್ ಅನ್ನೋ ಪ್ರೋಗ್ರಾಮು, ಅದರ ಫೈಲುಗಳು ಇರೋದು ಆ ಲಿನಕ್ಸ್ ಭಾಗದಲ್ಲೇ. ಸೀದಾ ಡಿಲೀಟ್ ಮಾಡಿದ್ರೆ ಮುಂದಿನ ಸಲ ಆನ್ ಮಾಡ್ದಾಗ ಗ್ರಬ್ ರೆಸ್ಕ್ಯೂ ಅಂತ ಬಂದು ನಿಲ್ಲುತ್ತೆ, ವಿಂಡೋಸ್ ಇದ್ರೂ ಏಳಲ್ಲ, ಎಷ್ಟೋ ಜನ ಇಲ್ಲೇ ಗಾಬರಿಯಾಗಿ ಎಲ್ಲ ಫಾರ್ಮ್ಯಾಟ್ ಮಾಡಿ ಇದ್ದದ್ದನ್ನೂ ಕಳ್ಕೊಳ್ತಾರೆ. ಡಿಸ್ಕ್ 0 ಪ್ರಾಪರ್ಟೀಸಲ್ಲಿ ವಾಲ್ಯೂಮ್ಸ್ ಒಳಗೆ ಪಾರ್ಟಿಷನ್ ಸ್ಟೈಲ್ ನೋಡಿ, ಡಿಸ್ಕನ್ನ ಭಾಗ ಮಾಡಿರೋ ರೀತಿ ಅದು, ಜಿಪಿಟಿ ಇಲ್ಲಾ ಎಂಬಿಆರ್ ಅಂತಿರುತ್ತೆ. ಜಿಪಿಟಿ ಇದ್ರೆ ಬಯೋಸಲ್ಲಿ (ವಿಂಡೋಸ್ ಏಳೋಕೆ ಮುಂಚಿನ ಸೆಟ್ಟಿಂಗಲ್ಲಿ) ಬೂಟ್ ಪಟ್ಟಿಲಿ ವಿಂಡೋಸ್ ಬೂಟ್ ಮ್ಯಾನೇಜರನ್ನ ಮೇಲೆ ತನ್ನಿ ಸಾಕು. ಎಂಬಿಆರ್ ಇದ್ರೆ ವಿಂಡೋಸ್ ಪೆನ್‌ಡ್ರೈವಿಂದ ರಿಪೇರಿಗೆ ಹೋಗಿ ಬೂಟ್‌ರೆಕ್ ಫಿಕ್ಸ್‌ಎಂಬಿಆರ್ ಕಮಾಂಡ್ ಕೊಡ್ಬೇಕು. ಪಟ್ಟಿ ಇಲ್ಲದೆ ಸೀದಾ ವಿಂಡೋಸ್ ಎದ್ದ ಮೇಲೇನೇ ಡಿಲೀಟ್ ಮಾಡಿ, ನ್ಯೂ ಸಿಂಪಲ್ ವಾಲ್ಯೂಮ್ ಕೊಟ್ಟು ಎನ್‌ಟಿಎಫ್‌ಎಸ್‌ಗೆ ಡಿ ಡ್ರೈವ್ ಮಾಡ್ಕೊಳ್ಳಿ. ಈ ಮಳೇಲಿ ಕರೆಂಟ್ ನಂಬಕ್ಕಾಗಲ್ಲ, ಯುಪಿಎಸ್ ಇಲ್ದೆ ಕೈ ಹಾಕ್ಬೇಡಿ.

ಇನ್ನೊಬ್ರು (ಹೊಸನಗರ):
ಹಳೇ ಡಿಸ್ಕ್ ಅಲ್ವಾ, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ರೀಅಲೊಕೇಟೆಡ್ ಸೆಕ್ಟರ್ಸ್ ಒಂದ್ಸಲ ನೋಡಿ, ಡಿಸ್ಕಲ್ಲಿ ಕೆಟ್ಟು ಬದಲಿ ಕೊಟ್ಟಿರೋ ಜಾಗಗಳ ಲೆಕ್ಕ ಅದು. ಏರ್ತಾ ಇದ್ರೆ ಮದುವೆ ವಿಡಿಯೋ ಅದೊಂದರಲ್ಲೇ ಇಡ್ಬೇಡಿ.

ತೀರ್ಥಹಳ್ಳಿ:
ಫೋನ್ ಮಾಡ್ದೆ. ಅವರ ಮಗ ಕಾಲೇಜಲ್ಲಿ ಹಾಕ್ಕೊಂಡಿದ್ದಂತೆ, ಪ್ರಾಜೆಕ್ಟ್, ಫೋಟೋ ಎಲ್ಲ ಇನ್ನೂ ಅದರಲ್ಲೇ ಇದೆಯಂತೆ. ಭಾನುವಾರ ಎಕ್ಸ್‌ಟರ್ನಲ್ ಡಿಸ್ಕ್ ತಂದು ಕಾಪಿ ಮಾಡ್ಕೊಳ್ತಾರೆ, ಆಮೇಲೇ ಮುಂದಿನದ್ದು. ಸ್ಟೈಲ್ ಜಿಪಿಟಿ ಅಂತಿದೆ. ತುಂಬಾ ಉಪಕಾರ ಆಯ್ತು.