ಹಳೆಯ ಆರ್44 ಹೆಲಿಕಾಪ್ಟರ್ ಕೊಳ್ಳುವ ಮುನ್ನ: ತಪಾಸಣೆಯ ಹೊಣೆ ಯಾರದು?

ಡಲ್ಲಾಸ್ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ನಾನು ಟೆಕ್ಸಾಸ್‌ನಲ್ಲಿದ್ದೇನೆ, ಹೆಲಿಕಾಪ್ಟರ್ ಹಾರಿಸುವ ಪ್ರೈವೇಟ್ ಪೈಲಟ್ ಪರವಾನಗಿ ನನ್ನಲ್ಲಿದೆ. ಇಬ್ಬರು ಗೆಳೆಯರೊಂದಿಗೆ ಸೇರಿ 2014ರಲ್ಲಿ ತಯಾರಾದ ರಾಬಿನ್ಸನ್ ಆರ್44 ಒಂದನ್ನು ಕೊಳ್ಳುವ ಆಲೋಚನೆಯಿದೆ. ಅದು ಈವರೆಗೆ ಹಾರಿರುವುದು ಸುಮಾರು 860 ಗಂಟೆ ಮಾತ್ರ. ಓವರ್‌ಹಾಲ್ ಮಿತಿ, ಅಂದರೆ ಯಂತ್ರವನ್ನು ಪೂರ್ತಿ ಬಿಚ್ಚಿ ಮತ್ತೆ ಸಜ್ಜುಗೊಳಿಸಬೇಕಾದ ಗಡುವು, 2200 ಗಂಟೆಯಾದ್ದರಿಂದ ಅರ್ಧಕ್ಕಿಂತ ಹೆಚ್ಚು ಆಯುಷ್ಯ ಬಾಕಿಯಿದೆ ಎಂಬುದು ಮಾರುವವರ ಮಾತು. ವಾರದ ದಿನಗಳಲ್ಲಿ ಅದನ್ನು ಒಂದು ಫ್ಲೈಯಿಂಗ್ ಸ್ಕೂಲ್‌ಗೆ ಬಾಡಿಗೆಗೆ ಕೊಡಬೇಕೆಂದೂ ಇದ್ದೇವೆ. ತಪಾಸಣೆ, ರಿಪೇರಿಗಳನ್ನೆಲ್ಲ ಒಬ್ಬ ಒಳ್ಳೆಯ ಮೆಕ್ಯಾನಿಕ್‌ಗೆ ಒಪ್ಪಿಸಿಬಿಟ್ಟರೆ ಮಾಲೀಕರಾಗಿ ನಮಗೆ ಉಳಿಯುವ ಹೊಣೆ ಏನು?

ಸ್ಪ್ಯಾನರ್ ರಾಯರು:
ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕೆಲಸ ಕಲಿತು, ಈಗ ಅರಿಜೋನಾದಲ್ಲಿ ವಾರ್ಷಿಕ ತಪಾಸಣೆಗೆ ಸಹಿ ಹಾಕುವ ಅಧಿಕಾರವಿರುವ ಮೆಕ್ಯಾನಿಕ್ ಆಗಿದ್ದೇನೆ. ಮೊದಲು ಆಯುಷ್ಯದ ವಿಷಯ. ರಾಬಿನ್ಸನ್ ಗೊತ್ತುಪಡಿಸಿರುವ ಮಿತಿ 2200 ಗಂಟೆ ಅಥವಾ 12 ವರ್ಷ, ಇವೆರಡರಲ್ಲಿ ಯಾವುದು ಮೊದಲು ಬರುತ್ತದೋ ಅದು. 2014ರ ಯಂತ್ರಕ್ಕೆ ನಡುವೆ ಓವರ್‌ಹಾಲ್ ಆಗಿಲ್ಲವಾದರೆ 2026ಕ್ಕೆ ಅದರ 12 ವರ್ಷ ಮುಗಿಯುತ್ತದೆ. ಹಾರಿದ್ದು 860 ಗಂಟೆಯೇ ಆಗಲಿ, 86 ಗಂಟೆಯೇ ಆಗಲಿ. ಆ ಓವರ್‌ಹಾಲ್‌ಗೆ ಲಕ್ಷಗಟ್ಟಲೆ ಡಾಲರ್ ಬೇಕು. ಕಡಿಮೆ ಗಂಟೆಯ ಹಳೆಯ ಆರ್44ಗಳು ಅಗ್ಗಕ್ಕೆ ಮಾರಾಟಕ್ಕೆ ಬರುವುದರ ಹಿಂದೆ ಬಹುಪಾಲು ಈ ಲೆಕ್ಕವೇ ಇರುತ್ತದೆ ಎಂದು ನನ್ನ ಅಂದಾಜು.

ಇನ್ನು ಹೊಣೆ. ಯಂತ್ರವನ್ನು ಹಾರಾಟಯೋಗ್ಯ ಸ್ಥಿತಿಯಲ್ಲಿ ಇರಿಸುವ ಮೊದಲ ಜವಾಬ್ದಾರಿ ಮಾಲೀಕ ಅಥವಾ ಆಪರೇಟರ್‌ನದು ಎಂದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ ನಿಯಮಾವಳಿಯ 91ನೇ ಭಾಗ ನೇರವಾಗಿ ಹೇಳುತ್ತದೆ. ಮೆಕ್ಯಾನಿಕ್ ತಾನು ಮಾಡಿದ ಕೆಲಸಕ್ಕೆ ಉತ್ತರ ಕೊಡಬೇಕು, ನಿಜ. ಆದರೆ ತಪಾಸಣೆಗೆ ಯಂತ್ರವನ್ನು ಸಕಾಲಕ್ಕೆ ತರುವುದು, ಎರಡು ತಪಾಸಣೆಗಳ ನಡುವೆ ಕಂಡ ದೋಷವನ್ನು ಸರಿ ಮಾಡಿಸುವುದು, ಎಫ್‌ಎಎ ಹೊರಡಿಸುವ ಕಡ್ಡಾಯ ಸುರಕ್ಷಾ ಆದೇಶಗಳು, ಅಂದರೆ ನಾವು 'ಎಡಿ' ಎನ್ನುವವು, ಪಾಲನೆಯಾಗಿವೆಯೇ ಎಂದು ನೋಡುವುದು, ಕೆಲಸ ಮುಗಿದ ಮೇಲೆ ಲಾಗ್‌ಬುಕ್‌ನಲ್ಲಿ ಸರಿಯಾದ ನಮೂದು ಬಿದ್ದಿದೆಯೇ ಎಂದು ಖಚಿತಪಡಿಸಿಕೊಳ್ಳುವುದು, ಇವೆಲ್ಲ ನಿಮ್ಮವೇ. ಮೂವರು ಪಾಲುದಾರರಿದ್ದಾಗ 'ಅವನು ನೋಡಿಕೊಂಡಿರಬೇಕು' ಎಂದು ಮೂವರೂ ಸುಮ್ಮನಿರುವ ಅಪಾಯವಿದೆ. ದಾಖಲೆ ನೋಡಿಕೊಳ್ಳುವವರು ಯಾರೆಂದು ಮೊದಲೇ ಬರೆದಿಟ್ಟುಕೊಳ್ಳಿ.

ವಾರ್ಷಿಕ ತಪಾಸಣೆ ಎಲ್ಲರಿಗೂ ಬೇಕು. ಮಾರ್ಚ್ 5ಕ್ಕೆ ಅದು ಮುಗಿದಿದ್ದರೆ ಮುಂದಿನ ವರ್ಷದ ಮಾರ್ಚ್ 31ರವರೆಗೆ ಸಲ್ಲುತ್ತದೆ. ಫ್ಲೈಯಿಂಗ್ ಸ್ಕೂಲ್ ಅದೇ ಯಂತ್ರದಲ್ಲಿ ಹಣ ಪಡೆದು ಪಾಠ ಹೇಳಿದರೆ 100 ಗಂಟೆಯ ತಪಾಸಣೆಯೂ ಸೇರಿಕೊಳ್ಳುತ್ತದೆ. ತಪಾಸಣೆಯ ಸ್ಥಳಕ್ಕೆ ಹಾರಿಸಿಕೊಂಡು ಹೋಗಲು ಮಾತ್ರ 10 ಗಂಟೆಯವರೆಗೆ ಸಡಿಲಿಕೆಯುಂಟು. ಹಾಗೆ ಮೀರಿದ ಗಂಟೆಗಳನ್ನು ಮುಂದಿನ ನೂರರಲ್ಲಿ ಕಳೆಯಬೇಕು.

ಜಕ್ಕೂರು ವಾಸಿ:
ರಾಯರು ಹೇಳಿದ ತತ್ವ ಭಾರತದಲ್ಲೂ ಇದೆ. ಇಲ್ಲಿಯ ವಿಮಾನಯಾನ ನಿಯಂತ್ರಕ ಡಿಜಿಸಿಎಯ ಸಿಎಆರ್-ಎಂ ಎಂಬ ನಿರ್ವಹಣೆಯ ನಿಯಮಗಳಲ್ಲಿಯೂ ನಿರಂತರ ಹಾರಾಟಯೋಗ್ಯತೆಯ ಹೊಣೆ ಮಾಲೀಕನದೇ. ಜೊತೆಗೆ ಒಂದು ವರ್ಷ ಊರ್ಜಿತವಿರುವ ಏರ್‌ವರ್ದಿನೆಸ್ ರಿವ್ಯೂ ಸರ್ಟಿಫಿಕೇಟ್ (ಹಾರಾಟಯೋಗ್ಯತೆ ಪರಿಶೀಲನೆಯ ಪ್ರಮಾಣಪತ್ರ) ಬೇಕು. ಮುಂದೆಂದಾದರೂ ಯಂತ್ರವನ್ನು ಊರಿಗೆ ತರುವ ಯೋಚನೆಯಿದ್ದರೆ ಅಲ್ಲಿಯ ಲಾಗ್‌ಬುಕ್‌ನ ಒಂದು ಹಾಳೆಯನ್ನೂ ಕಳೆಯಬೇಡಿ.

ಡಲ್ಲಾಸ್ ಕನ್ನಡಿಗ:
ಇಬ್ಬರಿಗೂ ಧನ್ಯವಾದಗಳು. 12 ವರ್ಷದ ಮಾತನ್ನು ಮಾರುವವರು ಎತ್ತಿರಲೇ ಇಲ್ಲ. ದಾಖಲೆಗಳಲ್ಲಿ ಮೊದಲು ಏನನ್ನು ನೋಡಬೇಕು? ಆಯಿಲ್ ಬದಲಿಸುವಂಥ ಕೆಲಸವನ್ನು ನಾನೇ ಮಾಡಬಹುದೇ?

ಸ್ಪ್ಯಾನರ್ ರಾಯರು:
ಒಟ್ಟು ಹಾರಾಟದ ಗಂಟೆ, ಆಯುಷ್ಯ ನಿಗದಿಯಾಗಿರುವ ಭಾಗಗಳ ಸದ್ಯದ ಸ್ಥಿತಿ, ಎಡಿಗಳ ಪಾಲನೆಯ ಪಟ್ಟಿ, ಈ ಮೂರೂ ಯಂತ್ರದೊಂದಿಗೇ ಹೊಸ ಮಾಲೀಕನಿಗೆ ಹಸ್ತಾಂತರವಾಗಬೇಕು. ಮೇಲೆ ತಿರುಗುವ ರೋಟರ್ ಬ್ಲೇಡ್‌ಗಳ ಮೇಲಿರುವ ಸೀರಿಯಲ್ ನಂಬರನ್ನು ನೀವೇ ನಿಂತು ಓದಿ ಲಾಗ್‌ಬುಕ್‌ಗೆ ತಾಳೆ ಹಾಕಿ. ಆರ್44ರ ಹಳೆಯ ಬ್ಲೇಡ್‌ಗಳಲ್ಲಿ ತುದಿಯ ಹತ್ತಿರ ಬಣ್ಣ ಸವೆದು, ಹೊರಹೊದಿಕೆ ಅಂಟಿಸಿದ ಗೆರೆ ಬಯಲಾಗಿ, ಹೊದಿಕೆ ಬಿಟ್ಟುಕೊಳ್ಳುವ ತೊಂದರೆಗೆ ಎಡಿಗಳೇ ಬಂದಿದ್ದವು. ಆ ಗೆರೆಯನ್ನು ಬೆಳಕಿನಲ್ಲಿ ನೋಡದೆ ಮುಂಗಡ ಕೊಡಬೇಡಿ. ಗೇರ್‌ಬಾಕ್ಸ್‌ನ ಆಯಿಲ್‌ನಲ್ಲಿ ಬರುವ ಲೋಹದ ಚೂರನ್ನು ಹಿಡಿಯುವ ಚಿಪ್ ಡಿಟೆಕ್ಟರ್‌ನಲ್ಲಿ ನುಣ್ಣನೆಯ ಬೂದುಬಣ್ಣದ ಪುಡಿ ಸಿಕ್ಕರೆ ಅದು ಮಾಮೂಲು ಸವೆತವಿರಬಹುದು, ಚಕ್ಕೆ ಸಿಕ್ಕರೆ ಮಾತು ಬೇರೆ.

ಆಯಿಲ್ ಬದಲಿಸುವುದು ನಿಯಮಗಳ 43ನೇ ಭಾಗದ ಮುನ್ನೆಚ್ಚರಿಕೆ ನಿರ್ವಹಣೆಯ ಪಟ್ಟಿಯಲ್ಲಿ ಬರುವುದರಿಂದ ನಿಮ್ಮ ಪರವಾನಗಿಯಲ್ಲಿ ನೀವೇ ಮಾಡಬಹುದು. ಮಾಡಿದ ಕೆಲಸದ ವಿವರ, ದಿನಾಂಕ, ಸಹಿ, ಪರವಾನಗಿಯ ಸಂಖ್ಯೆ ಮತ್ತು ಬಗೆಯನ್ನು ಅಂದೇ ಬರೆಯಿರಿ. ನಮೂದಿಲ್ಲದ ಕೆಲಸವನ್ನು ವಾರ್ಷಿಕ ತಪಾಸಣೆಯಲ್ಲಿ ನನ್ನಂಥವರು ಆಗಿಲ್ಲವೆಂದೇ ಎಣಿಸುತ್ತೇವೆ.

ಡಲ್ಲಾಸ್ ಕನ್ನಡಿಗ:
ಬ್ಲೇಡ್‌ಗಳ ದಾಖಲೆ ಮತ್ತು ಎಡಿ ಪಟ್ಟಿಯನ್ನು ಕಳಿಸುವಂತೆ ಮಾರುವವರಿಗೆ ಈಗಷ್ಟೇ ಬರೆದಿದ್ದೇನೆ. ಖರೀದಿಗೆ ಮುಂಚಿನ ತಪಾಸಣೆಯನ್ನು ಅವರ ಶಾಪ್‌ನಲ್ಲಿ ಅಲ್ಲ, ಬೇರೆ ಕಡೆ ಮಾಡಿಸುತ್ತೇವೆ.