ಶುಗರ್ ಇಲ್ಲದವರಿಗೆ ಶುಗರ್ ಮಾತ್ರೆ ಯಾಕೆ?

ಚಿಕ್ಕಪ್ಪ: [ಫಾರ್ವರ್ಡ್] ಎಚ್ಚರ! ಶುಗರ್ ಇಲ್ಲದ ಹಾರ್ಟ್ ಪೇಷಂಟ್‌ಗಳಿಗೂ ಶುಗರ್ ಮಾತ್ರೆ ಬರೆಯುತ್ತಿದ್ದಾರೆ. ಎಲ್ಲಾ ಕಂಪನಿಗಳ ದಂಧೆ. ಎಲ್ಲರಿಗೂ ಕಳಿಸಿ.

ದೊಡ್ಡಪ್ಪ: ನನಗೂ ಅದನ್ನೇ ಕೊಟ್ಟಿದ್ದಾರೆ. ಡಾಪಾಗ್ಲಿಫ್ಲೋಜಿನ್ 10. ಬುಧವಾರ ವಾಕಿಂಗ್ ಗೆಳೆಯರು ಇದೇ ಮೆಸೇಜ್ ತೋರಿಸಿದರು. ಅವತ್ತಿಂದ ತೆಗೆದುಕೊಳ್ಳುತ್ತಿಲ್ಲ.

ನಾನು: ದೊಡ್ಡಪ್ಪ, ಡಾಕ್ಟರನ್ನು ಕೇಳದೆ ನಿಲ್ಲಿಸಬಾರದಿತ್ತು. ಆಸ್ಪತ್ರೆ ಫಾರ್ಮಸಿಯಲ್ಲಿ ದಿನಾ ಈ ಮಾತ್ರೆ ಕೊಡುವವಳು ನಾನು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಇದು ಶುಗರ್‌ಗೆ ಅಂತಲೇ ಬಂದಿದ್ದು, ನಿಜ. ಮೂತ್ರದಲ್ಲಿ ಸಕ್ಕರೆಯ ಜೊತೆ ಉಪ್ಪು, ನೀರನ್ನೂ ಹೊರಗೆ ಕಳಿಸುತ್ತದೆ. ಶುಗರ್ ಇರುವವರಲ್ಲಿ ಹಾರ್ಟ್ ಫೇಲ್ಯೂರ್ (ಹೃದಯದ ಪಂಪಿಂಗ್ ಸಾಲದೆ ಮೈಯಲ್ಲಿ ನೀರು ತುಂಬುವುದು) ಆಗಿ ಆಸ್ಪತ್ರೆ ಸೇರುವುದು ಕಡಿಮೆಯಾಗಿದ್ದು ಕಂಡ ಮೇಲೆ, ಶುಗರ್ ಇಲ್ಲದವರನ್ನೂ ಸೇರಿಸಿಕೊಂಡು ನೋಡಿದರು. 2019ರಲ್ಲಿ ಬಂದ ಡಾಪಾ-ಎಚ್‌ಎಫ್ ಅನ್ನುವ ಪ್ರಯೋಗ ಅದು. ಒಟ್ಟು 4,744 ಜನ, ಎಲ್ಲರಿಗೂ ನಿಮ್ಮ ಹಾಗೆ ಎಕೋದಲ್ಲಿ (ಹೃದಯದ ಸ್ಕ್ಯಾನ್) ಪಂಪಿಂಗ್, ಅಂದರೆ ಪ್ರತಿ ಬಡಿತಕ್ಕೆ ಹೃದಯ ಹೊರಗೆ ತಳ್ಳುವ ರಕ್ತದ ಪಾಲು, ಶೇಕಡ 40 ಅಥವಾ ಅದಕ್ಕಿಂತ ಕಡಿಮೆ. ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಶುಗರ್ ಇರಲಿಲ್ಲ. ಸುಮಾರು ಒಂದೂವರೆ ವರ್ಷದಲ್ಲಿ ಔಷಧಿ ಇಲ್ಲದ ಡಮ್ಮಿ ಮಾತ್ರೆ ನುಂಗಿದವರಲ್ಲಿ 100ಕ್ಕೆ 21 ಜನಕ್ಕೆ ಕಾಯಿಲೆ ಉಲ್ಬಣಿಸಿತು ಅಥವಾ ಹೃದಯದ ತೊಂದರೆಯಿಂದ ತೀರಿಕೊಂಡರು. ಈ ಮಾತ್ರೆಯವರಲ್ಲಿ 16. ಶುಗರ್ ಇಲ್ಲದವರಿಗೂ ಲಾಭ ಸಿಕ್ಕಿತು.

ಚಿಕ್ಕಪ್ಪ: ಪ್ರಯೋಗಕ್ಕೆ ದುಡ್ಡು ಹಾಕಿದ್ದು ಕಂಪನಿಯೇ ಅಲ್ವಾ?

ನಾನು: ಹೌದು, ಆಸ್ಟ್ರಾಜೆನೆಕಾ. ಕೇಳಲೇಬೇಕಾದ ಪ್ರಶ್ನೆ. ಆದರೆ 2020ರಲ್ಲಿ ಬೇರೆ ಕಂಪನಿಯ ಇದೇ ಜಾತಿಯ ಮಾತ್ರೆ ಎಂಪಾಗ್ಲಿಫ್ಲೋಜಿನ್‌ನಲ್ಲೂ ಇಂಥದೇ ಫಲಿತಾಂಶ ಬಂತು. ಅದೇ ವರ್ಷ ನಮ್ಮಲ್ಲಿ ಡಾಪಾದ ಮೊದಲ ಪೇಟೆಂಟ್ ಮುಗಿಯಿತು. ಈಗ ಎಷ್ಟೋ ಕಂಪನಿಗಳು ಮಾಡುತ್ತವೆ, ಬೆಲೆಯೂ ಇಳಿದಿದೆ.

ದೊಡ್ಡಮ್ಮ: ಅವರು ಸುಮ್ನೆ ನಿಲ್ಲಿಸಲಿಲ್ಲ ಕಣೇ. ಮಾತ್ರೆ ಶುರುವಾದಾಗಿನಿಂದ ಮೂತ್ರದ ಜಾಗದಲ್ಲಿ ತುರಿಕೆ. ಹೇಳಿಕೊಳ್ಳಲು ಅವರಿಗೆ ಸಂಕೋಚ.

ನಾನು: ಅಯ್ಯೋ ದೊಡ್ಡಮ್ಮ, ಇದನ್ನು ಮೊದಲ ದಿನವೇ ಮಾತ್ರೆ ಕೊಟ್ಟವರು ಹೇಳಬೇಕಿತ್ತು. ಮೂತ್ರದಲ್ಲಿ ಸಕ್ಕರೆ ಹೋಗುವುದರಿಂದ ಅಲ್ಲಿ ಫಂಗಸ್ ಬರುತ್ತದೆ. ತೊಳೆದು ಒಣಗಿಸಿಕೊಂಡು, ಡಾಕ್ಟರ್ ಹೇಳಿದ ಮುಲಾಮು ಹಚ್ಚಿದರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಜ್ವರದ ಜೊತೆ ಊತ, ನೋವು ಬಂದರೆ ಮಾತ್ರ ತಡ ಮಾಡಬಾರದು. ಮತ್ತೆ ದೊಡ್ಡಪ್ಪನ ಏಕಾದಶಿ ಉಪವಾಸ? ಅದನ್ನು ಡಾಕ್ಟರಿಗೆ ಹೇಳಿದ್ದೀರಾ?

ದೊಡ್ಡಮ್ಮ: ಇಲ್ಲ. ಅವರೂ ಕೇಳಲಿಲ್ಲ.

ನಾನು: ಹೇಳಲೇಬೇಕು. ಊಟ ಬಿಟ್ಟ ದಿನ, ವಾಂತಿ ಭೇದಿ ಆದಾಗ, ಆಪರೇಷನ್‌ಗೆ ಮುಂಚೆ ಈ ಮಾತ್ರೆಯನ್ನು ತಡೆಹಿಡಿಯಬೇಕಾಗುತ್ತದೆ. ಇಲ್ಲದಿದ್ದರೆ ರಕ್ತದಲ್ಲಿ ಆಮ್ಲ ಏರುವ ಅಪಾಯವಿದೆ, ಶುಗರ್ ಇರುವವರಿಗಂತೂ ಜಾಸ್ತಿ. ದೊಡ್ಡಪ್ಪ, ಕಾಲು ಊದಿದೆಯಾ? ತೂಕ ಎಷ್ಟಿದೆ?

ದೊಡ್ಡಪ್ಪ: ಕಾಲುಚೀಲದ ಗುರುತು ಹಾಗೇ ಉಳಿದಿದೆ. ಬೆರಳಲ್ಲಿ ಒತ್ತಿದರೆ ಗುಳಿ ಬೀಳುತ್ತದೆ. ತೂಕ 68.5. ಬುಧವಾರ 66 ಇತ್ತು.

ದೊಡ್ಡಮ್ಮ: ಮಟ್ಟಸವಾಗಿ ಮಲಗಿದರೆ ಉಸಿರು ಕಟ್ಟುತ್ತದೆ ಅಂತ ರಾತ್ರಿ ಮೂರು ದಿಂಬು ಇಟ್ಟುಕೊಂಡು ಮಲಗಿದರು.

ನಾನು: ನಾಲ್ಕು ದಿನಕ್ಕೆ ಎರಡೂವರೆ ಕೆಜಿ! ಮೈಯಲ್ಲಿ ನೀರು ತುಂಬುತ್ತಿದೆ. ಈಗಲೇ ಡಾಕ್ಟರಿಗೆ ಫೋನ್ ಮಾಡಿ, ಇವತ್ತೇ ತೋರಿಸಿ. ಉಸಿರು ಜಾಸ್ತಿ ಕಟ್ಟಿದರೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ ಹೋಗಿ.

ಚಿಕ್ಕಪ್ಪ: ಕಂಪನಿ ವಿಷಯ ಆಮೇಲೆ ಮಾತಾಡೋಣ. ಕಾರು ತೆಗೆದಿದ್ದೇನೆ, ಹತ್ತು ನಿಮಿಷದಲ್ಲಿ ಬರುತ್ತೇನೆ.

ನಾನು: ದೊಡ್ಡಮ್ಮ, ಮಾತ್ರೆ ಡಬ್ಬಿ ಪೂರ್ತಿ ತನ್ನಿ. ತೂಕ ಬರೆದ ಕ್ಯಾಲೆಂಡರ್ ಹಾಳೆಯನ್ನೂ. ತುರಿಕೆ ವಿಷಯ ಅವರು ಹೇಳದಿದ್ದರೆ ನೀವೇ ಹೇಳಿ.